ಡಿಪಿಎಫ್ ದೀಪ ಹತ್ತಿದರೆ: ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಒಂದು ತಪಾಸಣೆ ಕ್ರಮ

ಮೀಟರ್ ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿದೆ. ಚಿತ್ರ ನೋಡಿದರೆ ಒಂದು ಡಬ್ಬಿ, ಎರಡೂ ಬದಿಗೆ ಕೊಳವೆ, ಒಳಗೆ ಚುಕ್ಕಿಗಳು. 2020ರ ಏಪ್ರಿಲ್ 1ರಂದು ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರು ಕೊಂಡವರಿಗೆ ಇದು ಇವತ್ತಲ್ಲ ನಾಳೆ ಎದುರಾಗುವ ದೀಪ. ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ (ಡಿಪಿಎಫ್), ಅಂದರೆ ಹೊಗೆಯ ಮಸಿ ಹಿಡಿಯುವ ಡಬ್ಬಿ, ತುಂಬುತ್ತ ಬಂದಿದೆ ಎಂದು ಅದರ ಅರ್ಥ. ಫಿಲ್ಟರ್ ಹಾಳಾಗಿದೆ ಎಂದು ಆ ದೀಪ ಹೇಳುತ್ತಿಲ್ಲ. ತುಂಬಿದ ಮಸಿಯನ್ನು ಸುಟ್ಟುಕೊಳ್ಳಲು ಎಂಜಿನ್ನಿಗೆ ಅವಕಾಶ ಸಿಕ್ಕಿಲ್ಲ, ಅಷ್ಟೆ. ಯಾಕೆ ಸಿಕ್ಕಿಲ್ಲ ಎಂದು ಹುಡುಕದೆ ಫಿಲ್ಟರ್ ಬದಲಿಸಿದರೆ ಹೊಸ ಫಿಲ್ಟರೂ ಅದೇ ದಾರಿ ಹಿಡಿಯುತ್ತದೆ. ಅಷ್ಟರಲ್ಲಿ ಕಿಸೆಯಿಂದ ದೊಡ್ಡ ಮೊತ್ತ ಹೋಗಿರುತ್ತದೆ.

ಡಬ್ಬಿಯ ಒಳಗಿನ ವ್ಯವಸ್ಥೆ ಸರಳ. ಪಿಂಗಾಣಿಯಂಥ ವಸ್ತುವಿನಲ್ಲಿ ಸಣ್ಣ ಸಣ್ಣ ಉದ್ದನೆಯ ಕೊಳವೆಗಳು ಒತ್ತೊತ್ತಾಗಿವೆ. ಒಂದು ಬಿಟ್ಟು ಒಂದರ ಬಾಯಿ ಮುಚ್ಚಿದೆ. ಹೊಗೆ ಗೋಡೆ ದಾಟಿ ಪಕ್ಕದ ಕೊಳವೆಗೆ ಹೋಗಬೇಕು, ಮಸಿ ಗೋಡೆಯಲ್ಲೇ ಉಳಿಯಬೇಕು. ಬಚ್ಚಲೊಲೆಯ ಹಂಡೆಯ ತಳದಲ್ಲಿ ಕಟ್ಟಿದ ಮಸಿ ಜೋರು ಉರಿ ಬಿದ್ದಾಗ ಕಿಡಿಕಿಡಿಯಾಗಿ ಕೆಂಪಾಗಿ ಉರಿಯುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಇಲ್ಲಿಯೂ ಹಾಗೆಯೇ. ಫಿಲ್ಟರಿನ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬಂದರೆ ಮಸಿ ಉರಿದು ಹೋಗುತ್ತದೆ. ಪೇಟೆಯೊಳಗೆ ನಿಧಾನ ಓಡುವ ಡೀಸೆಲ್ ಕಾರಿನ ಹೊಗೆ ಈ ಬಿಸಿಯ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಎಂಜಿನ್ನಿನ ಕಂಪ್ಯೂಟರ್ ಆಗಾಗ ಸ್ವಲ್ಪ ಡೀಸೆಲನ್ನು ತಡವಾಗಿ ಸಿಂಪಡಿಸಿ ಬಿಸಿ ಏರಿಸುತ್ತದೆ. ಗ್ಯಾರೇಜಿನವರು ಇದಕ್ಕೆ ರೀಜನ್ ಅನ್ನುತ್ತಾರೆ. ಈ ಕೆಲಸಕ್ಕೆ ಹತ್ತಿಪ್ಪತ್ತು ನಿಮಿಷ ಎಡೆಬಿಡದೆ ಓಡುವ ಕಾರು ಬೇಕು. ಕೋಡಿಬಾಗದಿಂದ ಕಾರವಾರ ಮಾರ್ಕೆಟ್ಟಿಗೆ, ಶಿರಸಿಯ ಯಲ್ಲಾಪುರ ನಾಕೆಯಿಂದ ಅಡಿಕೆ ವಖಾರಿಗೆ ಹೋಗಿ ಬರುವ ಕಾರಿನಲ್ಲಿ ಅದು ಶುರುವಾಗುವ ಮೊದಲೇ ಕೀಲಿ ತಿರುಗಿಸಿ ಇಳಿದಾಗಿರುತ್ತದೆ.

ಮೊದಲು ನೋಡಬೇಕಾದ್ದು

ಡಿಪಿಎಫ್ ದೀಪ ಒಂದೇ ಹತ್ತಿದೆಯೋ, ಜೊತೆಗೆ ಬೇರೆ ದೀಪಗಳೂ ಇವೆಯೋ? ಇಡೀ ತಪಾಸಣೆ ಈ ಒಂದು ಪ್ರಶ್ನೆಯಲ್ಲಿ ಎರಡು ದಾರಿಯಾಗುತ್ತದೆ.

ಒಂದೇ ದೀಪ, ಮಿನುಗದೆ ಹತ್ತಿ ನಿಂತಿದೆ, ಎಳೆತ ಮೊದಲಿನಂತೆಯೇ ಇದೆ ಎಂದಾದರೆ ಕೆಲಸ ನಿಮ್ಮ ಕೈಯಲ್ಲೇ ಇದೆ. ರಸ್ತೆಯ ಮೇಲೆ ಸರಿಯಾಗಬಹುದು. ದೀಪ ಮಿನುಗುತ್ತಿದ್ದರೆ, ಚೆಕ್ ಎಂಜಿನ್ ದೀಪವೂ ಹತ್ತಿದ್ದರೆ, ಅಥವಾ ಎಷ್ಟು ಒತ್ತಿದರೂ ಗಾಡಿ ಏಳದೆ ಒಂದು ಮಿತಿಯಲ್ಲೇ ಓಡುತ್ತಿದ್ದರೆ ಹೈವೇಗೆ ಹೋಗಿ ಪ್ರಯೋಜನವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನ ಕಾರುಗಳಲ್ಲಿ ಕಂಪ್ಯೂಟರ್ ರೀಜನ್ನನ್ನೇ ತಡೆದಿರುತ್ತದೆ. ಮಿತಿ ಮೀರಿ ತುಂಬಿದ ಮಸಿಗೆ ಒಮ್ಮೆಲೇ ಬೆಂಕಿ ಹತ್ತಿದರೆ ಫಿಲ್ಟರ್ ಕರಗುತ್ತದೆ, ಇಲ್ಲವೇ ಬಿರಿಯುತ್ತದೆ ಎಂಬ ಹೆದರಿಕೆ ಅದಕ್ಕೆ. ಮಿನುಗುವ ದೀಪಕ್ಕೆ ಕೆಲವು ಕಂಪನಿಗಳು ಬೇರೆ ಅರ್ಥ ಇಟ್ಟಿವೆ. ಆದ್ದರಿಂದ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಮಲಗಿರುವ ಮಾಲೀಕರ ಕೈಪಿಡಿಯನ್ನು ಒಮ್ಮೆ ಹೊರಗೆ ತೆಗೆಯಿರಿ.

ಹೊರಡುವ ಮೊದಲು ಎರಡು ಪರೀಕ್ಷೆ. ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಹೆಚ್ಚಿರಲಿ. ರಿಸರ್ವ್ ದೀಪ ಹತ್ತಿದ್ದರೆ ಹಲವು ಕಾರುಗಳು ರೀಜನ್ ಮಾಡುವುದೇ ಇಲ್ಲ. ಎರಡನೆಯದು ಎಂಜಿನ್ ಆಯಿಲ್. ಇದನ್ನು ನೋಡುವವರು ಬಹಳ ಕಡಿಮೆ, ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಸಪಾಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಇಳಿಸಿ ನೋಡಿ. ಆಯಿಲ್ ಕಡಿಮೆಯಾಗಿದೆಯೇ ಎಂದು ನೋಡುವುದು ನಮಗೆ ಅಭ್ಯಾಸ. ಇಲ್ಲಿ ನೋಡಬೇಕಾದ್ದು ಹೆಚ್ಚಾಗಿದೆಯೇ ಎಂದು. ರೀಜನ್ನಿಗೆಂದು ತಡವಾಗಿ ಸಿಂಪಡಿಸಿದ ಡೀಸೆಲಿನಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿಗೆ ಸೇರುತ್ತದೆ. ರೀಜನ್ ಪದೇ ಪದೇ ಶುರುವಾಗಿ ಅರ್ಧಕ್ಕೇ ನಿಂತಿದ್ದರೆ ಮಟ್ಟ ಮೇಲಿನ ಗೆರೆ ದಾಟಿರುತ್ತದೆ. ಕಡ್ಡಿಯ ತುದಿಯ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿದರೆ ನೀರುನೀರಾಗಿ ಜಾರುತ್ತದೆ, ಮೂಗಿಗೆ ಹಿಡಿದರೆ ಬಂಕಿನ ವಾಸನೆ ಬರುತ್ತದೆ. ಹೀಗಿದ್ದರೆ ಮೊದಲು ಆಯಿಲ್ ಬದಲಿಸಿ, ಓಡಿಸುವುದು ಆಮೇಲೆ. ತೆಳುವಾದ ಆಯಿಲಿನಲ್ಲಿ ಟರ್ಬೊ ಮತ್ತು ಬೇರಿಂಗ್ ಸವೆಯುತ್ತವೆ. ಮಟ್ಟ ತೀರಾ ಏರಿದ್ದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಕೈತಪ್ಪಿ ಓಡುವ ಅಪಾಯವೂ ಇದೆ.

ಯಾವ ರಸ್ತೆ

ಕಾರವಾರದವರಿಗೆ ಇದು ಸುಲಭ. ಬಿಣಗಾ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಟರೆ ಸಾಕು. ಎಂಜಿನ್ ಬಿಸಿಯಾದ ಮೇಲೆ ಒಂದೇ ಸಮ 60ರಿಂದ 80 ಕಿಲೋಮೀಟರ್ ವೇಗ, ಒಂದು ಗೇರ್ ಕೆಳಗೇ ಹಿಡಿದು ಆರ್‌ಪಿಎಂ 2,000ದಿಂದ 2,500. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ ಮೇಲಿನ ಗೇರಿಗೆ ಹೋಗದಂತೆ ತಡೆಯಿರಿ. ಇಪ್ಪತ್ತು, ಇಪ್ಪತ್ತೈದು ನಿಮಿಷ ಹೀಗೆ ಹೋದರೆ ಅಂಕೋಲೆಯ ಹತ್ತಿರ ಬಂದಿರುತ್ತೀರಿ. ವೇಗಕ್ಕಿಂತ ಬಿಟ್ಟುಬಿಡದೆ ಓಡುವುದು ಮುಖ್ಯ. ನೂರು ದಾಟಿಸಿ ಮತ್ತೆ ಬ್ರೇಕ್ ಒತ್ತುವವರಿಗಿಂತ ಎಪ್ಪತ್ತರಲ್ಲಿ ಸುಮ್ಮನೆ ಹೋಗುವವರ ದೀಪ ಬೇಗ ಆರುತ್ತದೆ.

ಶಿರಸಿಯವರು ಇಲ್ಲೊಂದು ತಪ್ಪು ಲೆಕ್ಕ ಹಾಕುತ್ತಾರೆ. ಲಾಂಗ್ ಡ್ರೈವ್ ಮಾಡಿ ಎಂದು ಸರ್ವಿಸ್ ಸೆಂಟರಿನಲ್ಲಿ ಹೇಳಿದ ಕೂಡಲೇ ಕುಮಟಾ ಕಡೆ ಹೊರಡುತ್ತಾರೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಘಟ್ಟ ಇಳಿಯುವಾಗ ಗೇರಿನಲ್ಲಿ ಹಿಡಿದು ಎಕ್ಸಿಲೇಟರ್ ಬಿಟ್ಟಿರುತ್ತೇವೆ. ಆಗ ಎಂಜಿನ್ನಿಗೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ, ಸೈಲೆನ್ಸರಿಗೆ ಹೋಗುವುದು ಬರೀ ತಣ್ಣನೆ ಗಾಳಿ. ರೀಜನ್ ನಡೆಯುತ್ತಿದ್ದರೂ ಅಲ್ಲಿಗೆ ಮುರಿದು ಬೀಳುತ್ತದೆ. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುವ ಯಲ್ಲಾಪುರದವರಿಗೂ ಇದೇ ಮಾತು. ಏರುವಾಗ ಲೆಕ್ಕ ಉಲ್ಟಾ: ಮೂರನೇ ಗೇರಿನಲ್ಲಿ ಭಾರ ಎಳೆಯುವ ಎಂಜಿನ್ನಿನ ಹೊಗೆ ಚೆನ್ನಾಗಿ ಬಿಸಿ ಇರುತ್ತದೆ, ಘಟ್ಟ ಹತ್ತಿದ ಮೇಲೆ ಸಿಗುವ ರಸ್ತೆಯಲ್ಲಿ ನಿಲ್ಲಿಸದೆ ಬಂದರೆ ಕೆಲಸ ಪೂರ್ಣವಾಗುತ್ತದೆ. ಹಾಗಾಗಿ ಕುಮಟಾಕ್ಕೆ ಹೋದದ್ದು ವ್ಯರ್ಥವೇನಲ್ಲ, ಫಲ ಸಿಗುವುದು ಮರಳಿ ಬರುವಾಗ. ಬರೀ ದೀಪಕ್ಕಾಗಿಯೇ ಹೊರಡುವುದಾದರೆ ಶಿರಸಿಯಿಂದ ಬನವಾಸಿ ಕಡೆ ಅಥವಾ ಹಾವೇರಿ ಕಡೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಂತೂ ಘಟ್ಟದ ಯೋಚನೆ ಬೇಡ. ಗುಡ್ಡ ಯಾವಾಗ ಜಾರುತ್ತದೆ, ರಸ್ತೆ ಯಾವಾಗ ಬಂದಾಗುತ್ತದೆ ಹೇಳಲಾಗದು, ದೀಪ ಒಂದು ದಿನ ಕಾಯುತ್ತದೆ.

ರೀಜನ್ ಶುರುವಾದದ್ದು ಹೇಗೆ ತಿಳಿಯುತ್ತದೆ? ಕೆಲವು ಕಾರುಗಳಲ್ಲಿ ಪರದೆಯ ಮೇಲೆ ಬರೆದು ತೋರಿಸುತ್ತದೆ, ಹಲವುಗಳಲ್ಲಿ ಏನೂ ಇಲ್ಲ. ಆಗ ಲಕ್ಷಣ ನೋಡಬೇಕು. ನಿಂತಾಗ ಐಡಲ್ 800ರ ಆಸುಪಾಸು ಇರುವುದು 1,000ಕ್ಕೆ ಏರಿರುತ್ತದೆ, ಸಿಗ್ನಲ್ಲಿನಲ್ಲಿ ತಾನೇ ಆರಬೇಕಾದ ಎಂಜಿನ್ ಆರುವುದಿಲ್ಲ, ಆ ಕ್ಷಣದ ಮೈಲೇಜ್ ತೋರಿಸುವ ಅಂಕಿ ಕುಸಿಯುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಭರ್ರೆಂದು ತಿರುಗುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಇವು ಕಂಡರೆ ಮನೆ ಮುಟ್ಟಿದ್ದರೂ ಇನ್ನೊಂದು ಸುತ್ತು ಹಾಕಿ ಬನ್ನಿ. ಮಸಿ ಉರಿಯುತ್ತಿರುವಾಗ ಥಟ್ಟನೆ ಐಡಲಿಗೆ ಬಿಟ್ಟರೆ ಬಿಸಿಯನ್ನು ಹೊರಗೆ ಒಯ್ಯುವ ಗಾಳಿ ಕಡಿಮೆಯಾಗಿ ಒಳಗಿನ ಉಷ್ಣ ಏರುತ್ತದೆ. ಫಿಲ್ಟರ್ ಬಿರಿಯುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ನಿಲ್ಲಿಸಲೇಬೇಕಾದರೆ ಜಾಗ ನೋಡಿ ನಿಲ್ಲಿಸಿ. ಕೊಟ್ಟಿಗೆಗೆಂದು ತಂದು ಒಟ್ಟಿದ ದರಕಿನ (ಒಣ ಎಲೆಗಳ) ಮೇಲೋ, ಒಣಗಿದ ಕರಡದ ಮೇಲೋ, ಗದ್ದೆ ಬದಿಯ ಹುಲ್ಲಿನ ಮೇಲೋ ಖಂಡಿತ ಬೇಡ.

ಓಡಿಸಿದರೂ ದೀಪ ಆರದಿದ್ದರೆ

ಇಲ್ಲಿಂದ ಸ್ಕ್ಯಾನರ್ ಬೇಕು, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಸಾಧನ. ಇಎಲ್‌ಎಂ327 ಚಿಪ್ಪಿನ ಬ್ಲೂಟೂತ್ ಡಾಂಗಲ್ ಮತ್ತು ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಅರ್ಧ ತಪಾಸಣೆ ಮನೆಯಲ್ಲೇ ಮುಗಿಯುತ್ತದೆ. ಪಿ2463 ಕಂಡರೆ ಮಸಿ ಹೆಚ್ಚಾಗಿದೆ ಎಂದು. ಪಿ242ಎಫ್ ಎಂದರೆ ಬೂದಿ ತುಂಬಿದೆ. ಪಿ2452ರಿಂದ ಪಿ2455ರವರೆಗಿನ ಯಾವುದೇ ಕೋಡ್ ಬಂದರೆ ಫಿಲ್ಟರಿನ ಮೇಲಿನ ಅನುಮಾನ ಬಿಟ್ಟು ಪ್ರೆಶರ್ ಸೆನ್ಸರಿನ ಕಡೆ ತಿರುಗಬೇಕು.

ಫಿಲ್ಟರ್ ಎಷ್ಟು ತುಂಬಿದೆ ಎಂದು ಕಂಪ್ಯೂಟರ್ ಕಣ್ಣಿಂದ ನೋಡುವುದಿಲ್ಲ. ಫಿಲ್ಟರಿನ ಮುಂದೆ ಮತ್ತು ಹಿಂದೆ ಹೊಗೆಯ ಒತ್ತಡ ಎಷ್ಟು ವ್ಯತ್ಯಾಸ ಇದೆ ಎಂದು ಅಳೆದು ಊಹಿಸುತ್ತದೆ. ಅಳೆಯುವ ಸೆನ್ಸರ್ ಬಾನೆಟ್ ಒಳಗೆ, ಸಾಮಾನ್ಯವಾಗಿ ಎತ್ತರದ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಂದ ಬೆರಳು ಗಾತ್ರದ ಎರಡು ರಬ್ಬರ್ ಪೈಪುಗಳು, ಕೆಲವು ಕಾರಿನಲ್ಲಿ ಒಂದೇ, ಫಿಲ್ಟರಿಗೆ ಇಳಿಯುತ್ತವೆ. ಇಡೀ ವ್ಯವಸ್ಥೆಯಲ್ಲಿ ನಮ್ಮ ಜಿಲ್ಲೆಯ ಹವೆಗೂ ಜೀವಜಂತುಗಳಿಗೂ ಸಲೀಸಾಗಿ ಸಿಗುವ ಭಾಗ ಅಂದರೆ ಇದೇ. ಕರಾವಳಿಯಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಉಪ್ಪುಗಾಳಿಯ ಹಸಿರು ಕಿಲುಬು. ಘಟ್ಟದ ಮೇಲೆ, ತೋಟದ ಮನೆಯ ಅಂಗಳದಲ್ಲಿ, ಅಡಿಕೆ ಚೀಲದ ಪಕ್ಕ ನಿಲ್ಲಿಸಿದ ಕಾರಿಗೆ ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಗೂಡು ಅವಕ್ಕೆ ಎಲ್ಲಿ ಸಿಗಬೇಕು?

ಪರೀಕ್ಷೆ ಹೀಗೆ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ಆನ್ ಮಾಡಿ ಒತ್ತಡದ ವ್ಯತ್ಯಾಸ ಓದಿ. ಹೊಗೆಯೇ ಇಲ್ಲದಾಗ ವ್ಯತ್ಯಾಸ ಸೊನ್ನೆ ಇರಬೇಕು, ಹೆಚ್ಚೆಂದರೆ ಎರಡು ಮೂರು ಮಿಲಿಬಾರ್. ಕೆಲವು ಆ್ಯಪುಗಳು ಕಿಲೋಪಾಸ್ಕಲಿನಲ್ಲಿ ತೋರಿಸುತ್ತವೆ, 1 ಕಿಲೋಪಾಸ್ಕಲ್ ಅಂದರೆ 10 ಮಿಲಿಬಾರ್ ಎಂಬುದು ನೆನಪಿರಲಿ. ನಿಂತ ಎಂಜಿನ್ನಿನಲ್ಲಿ 20, 30 ಮಿಲಿಬಾರ್ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಫಿಲ್ಟರ್ ನಿರಪರಾಧಿ. ಸೊನ್ನೆ ಸರಿ ಇದ್ದರೆ ಎಂಜಿನ್ ಚಾಲೂ ಮಾಡಿ. ಶುಚಿಯಾದ ಫಿಲ್ಟರ್ ಐಡಲಿನಲ್ಲಿ ಕೆಲವೇ ಮಿಲಿಬಾರ್ ತೋರಿಸುತ್ತದೆ, ಆರ್‌ಪಿಎಂ ಏರಿಸಿದಂತೆ ಅಂಕಿಯೂ ಏರಿ, ಬಿಟ್ಟಾಗ ಇಳಿಯಬೇಕು. ಅಂಕಿ ಅಲುಗಾಡದಿದ್ದರೆ ಪೈಪು ಕಟ್ಟಿದೆ ಅಥವಾ ಕಳಚಿದೆ. ಮೈನಸ್ ತೋರಿಸಿದರೆ ಹಿಂದೆ ಯಾರೋ ಎರಡು ಪೈಪನ್ನೂ ಅದಲುಬದಲು ಸಿಕ್ಕಿಸಿದ್ದಾರೆ.

ಆಮೇಲೆ ಕೈಯಾಡಿಸಿ. ಪೈಪನ್ನು ಬಾಗಿಸಿ ನೋಡಿದರೆ ಬಿರುಕು ಬಾಯಿ ಬಿಡುತ್ತದೆ. ಇಲಿ ಕಚ್ಚಿದ ಗುರುತು ಅಂಚಿನಲ್ಲಿ ಸಾಲಾಗಿ ಕಾಣುತ್ತದೆ. ಲೋಹದ ಕೊಳವೆಗೆ ಕೂಡುವ ತುದಿಯಲ್ಲಿ ಬಿಸಿಗೆ ಕರಗಿ ಗಟ್ಟಿಯಾಗಿರುವುದೂ ಉಂಟು. ಮುಂದಿನ ಪೈಪು ಸೋರುತ್ತಿದ್ದರೆ ಸೆನ್ಸರ್ ನಿಜಕ್ಕಿಂತ ಕಡಿಮೆ ಒತ್ತಡ ಓದುತ್ತದೆ. ಆಗ ಫಿಲ್ಟರ್ ತುಂಬಿದರೂ ಕಂಪ್ಯೂಟರಿಗೆ ಗೊತ್ತಾಗದು, ಅಥವಾ ಫಿಲ್ಟರೇ ಇಲ್ಲ ಎಂದುಕೊಂಡು ಪಿ2002 ಹಾಕುತ್ತದೆ. ಪೈಪಿನೊಳಗೆ ಮಸಿಯೋ ನೀರೋ ಕಟ್ಟಿದ್ದರೆ ಸೆನ್ಸರಿನಿಂದ ಪೈಪು ಬಿಡಿಸಿದ ಮೇಲೆಯೇ ಗಾಳಿ ಹೊಡೆಯಿರಿ, ಅದೂ ಫಿಲ್ಟರಿನ ಕಡೆಗೆ. ಸೆನ್ಸರಿನ ಕಡೆ ಕಂಪ್ರೆಸರಿನ ಗಾಳಿ ಹೊಡೆದರೆ ಒಳಗಿನ ತೆಳು ಪೊರೆ ಹರಿದು ಹೋಗುತ್ತದೆ. ಪೈಪು ಬದಲಿಸುವಾಗ ಡೀಸೆಲಿನದೋ ನೀರಿನದೋ ಸಿಕ್ಕ ಪೈಪು ತುಂಡರಿಸಿ ಹಾಕಬೇಡಿ, ಬಿಸಿ ತಡೆಯುವ ಅದೇ ಕಾರಿನ ಪೈಪು ತರಿಸಿ. ಸೆನ್ಸರ್ ಹೊಸದು ಹಾಕಿದರೆ ಹಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಅದರ ಸೊನ್ನೆಯನ್ನು ಕಲಿಸಬೇಕಾಗುತ್ತದೆ. ಅದನ್ನು ಮಾಡದೆ ಹೊಸ ಸೆನ್ಸರೂ ಹಾಳು ಎಂದು ಬೈಯುವವರಿದ್ದಾರೆ.

ಸೆನ್ಸರ್, ಪೈಪು ಎರಡೂ ಸರಿ ಇದ್ದು ಮಸಿ ನಿಜವಾಗಿಯೂ ತುಂಬಿದ್ದರೆ ಪ್ರಶ್ನೆ ಎಂಜಿನ್ನಿನ ಕಡೆ ಹೋಗುತ್ತದೆ. ನಾನು ಮೊದಲು ನೋಡುವುದು ಕೂಲಂಟ್ ಉಷ್ಣಾಂಶ. ಇಪ್ಪತ್ತು ನಿಮಿಷ ಓಡಿದ ಕಾರಿನಲ್ಲಿ ಅದು 80ರಿಂದ 90 ಡಿಗ್ರಿ ಇರಬೇಕು. ಅರವತ್ತು, ಎಪ್ಪತ್ತರಲ್ಲೇ ಉಳಿದರೆ ಥರ್ಮೋಸ್ಟ್ಯಾಟ್, ಅಂದರೆ ಕೂಲಂಟಿನ ಹರಿವನ್ನು ತಡೆದು ಬಿಡುವ ಬಾಗಿಲು, ತೆರೆದೇ ಕೂತಿದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ರೀಜನ್ ಶುರು ಮಾಡುವುದಿಲ್ಲ. ಇದರ ಕೋಡ್ ಪಿ0128. ಸಾವಿರದ ಲೆಕ್ಕದಲ್ಲಿ ಮುಗಿಯುವ ಈ ಸಣ್ಣ ಭಾಗ ಲಕ್ಷದ ಫಿಲ್ಟರಿಗೆ ಕುತ್ತು ತರಬಲ್ಲದು. ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್, ಕೋಡ್ ಪಿ0401. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ದಪ್ಪ ಪೈಪಿನಲ್ಲಿ ಸೋರಿಕೆ, ಕೋಡ್ ಪಿ0299. ಪೈಪಿನ ಜಾಯಿಂಟಿನ ಸುತ್ತ ಆಯಿಲ್ ಪಸೆಗೆ ಧೂಳು ಹತ್ತಿ ಕರ‍್ರಗಾಗಿದ್ದರೆ ಅಲ್ಲಿಯೇ ಗಾಳಿ ಸೋರುತ್ತಿದೆ. ಕೆಂಪು ಮಣ್ಣಿನ ರಸ್ತೆಯಲ್ಲಿ ಬೇಸಗೆಯಿಡೀ ಓಡಾಡುವವರು ಏರ್ ಫಿಲ್ಟರನ್ನೂ ಒಮ್ಮೆ ತೆಗೆದು ನೋಡಲಿ. ಗಾಳಿ ಸಾಲದ ಎಂಜಿನ್ ಮಸಿ ಹೆಚ್ಚು ಉಗುಳುತ್ತದೆ.

ಗ್ಯಾರೇಜಿನಲ್ಲಿ

ಕಾರಣ ಸರಿಪಡಿಸಿದ ಮೇಲೂ ಮಸಿ ಮಿತಿ ಮೀರಿದ್ದರೆ ಫೋರ್ಸ್ಡ್ ರೀಜನ್, ಅಂದರೆ ನಿಂತ ಗಾಡಿಯಲ್ಲಿ ಸ್ಕ್ಯಾನರಿನ ಆಜ್ಞೆಯಿಂದ ಸುಡುವುದು. ಇದನ್ನು ಬಯಲಲ್ಲಿ, ಕೆಳಗೆ ಸುಡುವಂಥದ್ದೇನೂ ಇಲ್ಲದ ಕಡೆ ಮಾಡಬೇಕು, ಮಾಡಿದ ಮೇಲೆ ಆಯಿಲ್ ಬದಲಿಸುವುದು ಕ್ಷೇಮ.

ಇಲ್ಲೊಂದು ಎಚ್ಚರಿಕೆ. ಗ್ಯಾರೇಜೊಂದರಲ್ಲಿ ಕಿವಿಗೆ ಬಿದ್ದ ಮಾತು ಇದು.

"ಮೇಸ್ತ್ರಿ, ದೀಪ ಒಂದು ಆರ್ಸಿಕೊಡು ಮಾರಾಯ. ನಾಳೆ ಮದ್ವೆಗೆ ಹೋಗೂದದೆ."

"ಆರ್ಸೂದು ಒಂದು ನಿಮಿಷದ ಕೆಲ್ಸ ಹೆಗಡೇರೆ. ಆದ್ರೆ ಒಳಗೆ ಮಸಿ ಹಂಗೇ ಇರ್ತದೆ. ಗಾಡಿ ಮಾತ್ರ ಡಬ್ಬಿ ಖಾಲಿ ಅಂತ ತಿಳ್ಕತದೆ."

ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ. ಕೋಡ್ ಅಳಿಸುವುದು ಬೇರೆ, ಹೊಸ ಫಿಲ್ಟರ್ ಹಾಕಿದ್ದೇವೆ ಎಂದು ಮಸಿಯ ಲೆಕ್ಕವನ್ನೇ ಸೊನ್ನೆ ಮಾಡುವುದು ಬೇರೆ. ಎರಡನೆಯದನ್ನು ಫಿಲ್ಟರ್ ಶುಚಿ ಮಾಡದೆ ಮಾಡಿದರೆ ತುಂಬಿದ ಡಬ್ಬಿಯ ಮೇಲೆ ಎಂಜಿನ್ ಮತ್ತೆ ಮಸಿ ಹೇರುತ್ತ ಹೋಗುತ್ತದೆ. ಮುಂದಿನ ರೀಜನ್ ಹತ್ತಿಕೊಂಡಾಗ ಫಿಲ್ಟರ್ ಕರಗುತ್ತದೆ. ಕೆಲಸಕ್ಕೆ ಮೊದಲು ಮತ್ತು ಆಮೇಲೆ ಮಸಿಯ ಅಂಕಿ ಹಾಗೂ ಒತ್ತಡದ ಅಂಕಿ ಎರಡನ್ನೂ ಸ್ಕ್ಯಾನರಿನ ಪರದೆಯಿಂದ ಫೋಟೊ ತೆಗೆದುಕೊಳ್ಳಿ. ಮಸಿಯ ಅಂಕಿ ಇಳಿದು ಒತ್ತಡ ಹಾಗೇ ಇದ್ದರೆ ಇಳಿದದ್ದು ಲೆಕ್ಕ ಮಾತ್ರ.

ಬೂದಿಯ ಕಥೆ ಬೇರೆ. ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ. ಅದು ಬರುವುದು ಹೆಚ್ಚಾಗಿ ಎಂಜಿನ್ ಆಯಿಲಿನಲ್ಲಿ ಬೆರೆಸಿದ ಕ್ಯಾಲ್ಸಿಯಂ, ಸತುವಿನಂಥ ವಸ್ತುಗಳಿಂದ. ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ರೀಜನ್ ಆದ ಬೆನ್ನಿಗೇ ಮತ್ತೆ ಒತ್ತಡ ಏರುತ್ತಿದ್ದರೆ ಬೂದಿಯ ಮೇಲೆ ಅನುಮಾನ ಪಡಬೇಕು. ಆಗ ಫಿಲ್ಟರನ್ನು ಇಳಿಸಿ ಯಂತ್ರದಲ್ಲಿ ಹಿಮ್ಮುಖವಾಗಿ ಗಾಳಿ ಅಥವಾ ನೀರು ಹಾಯಿಸಿ ತೊಳೆಸುವುದೊಂದೇ ಉಪಾಯ. ಕಾರ್ ವಾಶಿನ ಪ್ರೆಶರ್ ಪಂಪಿನಲ್ಲಿ ತೊಳೆಯುವವರಿಗೆ ಕೊಡಬೇಡಿ. ಥಿನ್ನರೋ ಪೆಟ್ರೋಲೋ ಸುರಿದು ನೆನೆಸುವ ಉಪಾಯ ಹೇಳುವವರ ಹತ್ತಿರವೂ ಸುಳಿಯಬೇಡಿ. ಬೂದಿ ತಡವಾಗಿ ತುಂಬಲು ಆಯಿಲ್ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಬೇಕು: ನಿಮ್ಮ ಕೈಪಿಡಿಯಲ್ಲಿ ಎಸಿಇಎ (ಯುರೋಪಿನ ಆಯಿಲ್ ದರ್ಜೆ) ಸಿ2 ಅಥವಾ ಸಿ3 ಎಂದಿದ್ದರೆ ಅದೇ ಬೇಕು. ಇವೆರಡರಲ್ಲೂ ಸಲ್ಫೇಟೆಡ್ ಬೂದಿ ಶೇ. 0.8 ದಾಟುವಂತಿಲ್ಲ. ಲಾರಿಗೂ ಟ್ರ್ಯಾಕ್ಟರಿಗೂ ಹಾಕುವ ಆಯಿಲ್ ಬ್ಯಾರೆಲ್ಲಿನಿಂದ ಅಳೆದು ಹಾಕಿಸಿಕೊಂಡರೆ ಇವತ್ತು ಉಳಿದ ದುಡ್ಡು ಫಿಲ್ಟರಿನ ಬಾಬ್ತಿಗೆ ಹೋಗುತ್ತದೆ. ಬಂಕಿನ ಡೀಸೆಲನ್ನು ದೂರುವವರೂ ಇದ್ದಾರೆ. ಈಗ ದೇಶದಲ್ಲೆಲ್ಲ ಸಿಗುವುದು 10 ಪಿಪಿಎಂ ಗಂಧಕದ ಬಿಎಸ್6 ಡೀಸೆಲ್, ಮೊದಲು ಅದು 50 ಇತ್ತು. ಎಲ್ಲದಕ್ಕೂ ಬಂಕನ್ನು ಬೈದು ಉಪಯೋಗವಿಲ್ಲ.

ಫಿಲ್ಟರ್ ಒಡೆದು ತೆಗೆದು ಕಂಪ್ಯೂಟರಿನಲ್ಲಿ ಅದರ ಹೆಸರೇ ಅಳಿಸಿಕೊಡುವವರು ಊರೂರಲ್ಲಿ ಇದ್ದಾರೆ. ಅದು ಕಾನೂನುಬಾಹಿರ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ 2019ರ ತಿದ್ದುಪಡಿಯ ನಂತರ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ ಹಾಕಬಹುದು. ಹೊರಗೆ ಬೀಳುವ ಮಸಿಯನ್ನು ಉಸಿರಾಡುವವರು ಹಿಂದಿನ ಸ್ಕೂಟರಿನಲ್ಲಿ ಬರುವ ನಮ್ಮೂರವರೇ.

ಹಾಗೆ ತೆಗೆಸಿದ ಕಾರು ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬಂದರೆ ಗುರುತಿಸುವುದು ಸುಲಭ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿ, ಬಿಳಿ ಕಾಗದಕ್ಕೆ ಒರೆಸಿ. ಫಿಲ್ಟರ್ ಸರಿ ಇರುವ ಬಿಎಸ್6 ಡೀಸೆಲ್ ಕಾರಿನಲ್ಲಿ ಒಂದಿಷ್ಟು ಬೂದುಬಣ್ಣದ ಧೂಳು ಹತ್ತಬಹುದು, ಕಾಡಿಗೆಯಷ್ಟು ಕಪ್ಪು ಹತ್ತುವುದಿಲ್ಲ. ಕಪ್ಪು ಹತ್ತಿದರೆ ಫಿಲ್ಟರ್ ಒಡೆದಿದೆ ಅಥವಾ ಒಳಗೆ ಇಲ್ಲವೇ ಇಲ್ಲ. ಮಾರುವವರು ಏನೇ ಹೇಳಲಿ, ರೇಟು ಮಾತಾಡುವ ಮೊದಲು ಲಿಫ್ಟಿಗೆ ಹಾಕಿಸಿ ಡಬ್ಬಿಯ ಮೇಲೆ ಹೊಸ ವೆಲ್ಡಿಂಗ್ ಗೆರೆ ಇದೆಯೇ ನೋಡಿ.